ಮನೆಯವರನ್ನು ಬಿಟ್ಟು ಬೇರೆಯವರಿಗೆ

ಜೂನ್ 3, ಸೋಮವಾರ

ಬೆಳಿಗ್ಗೆ ಟ್ಯಾಕ್ಸಿಯೊಂದರ ಸೀಟಿಗೆ ಹೊಸ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಅಂಗಡಿ ಬಾಗಿಲಲ್ಲಿ ನಿಂತವರನ್ನು ಯಾರು ಅಂತ ಕೇಳಲಾಗಲಿಲ್ಲ. ಬರಿಗಾಲು, ಗಂಡಸಿನ ನೀಲಿ ಗೀಟಿನ ಅಂಗಿ. ತಲೆ ಎತ್ತಿದರೆ ನನ್ನ ತಂಗಿ. ಕೆಳತುಟಿ ಸೀಳಿತ್ತು, ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಮೈಮೇಲಿನ ಬಟ್ಟೆ ಹರಿದುಹೋದದ್ದಕ್ಕೆ ಬಾಗಿಲ ಹಿಂದೆ ನೇತುಹಾಕಿದ್ದ ಗಂಡನ ಅಂಗಿಯನ್ನೇ ಎಳೆದು ಹಾಕಿಕೊಂಡು ಓಡಿ ಬಂದಿದ್ದಾಳೆ. ಮೊಳೆ ಉಗಿದು ಅವಳನ್ನು ಒಳಗೆ ಕರೆದುಕೊಂಡೆ.

ನೀರು ಕುಡಿಸುವಷ್ಟರಲ್ಲಿ ಅವಳ ಗಂಡನೂ ಬಂದ. ಔಷಧಿ ಅಂಗಡಿಯ ಪುಣ್ಯಾತ್ಮ. ಗಿರಾಕಿಗಳಿಗೆ ಮಾತ್ರೆ ಎಣಿಸಿ ಕೊಟ್ಟ ಹಾಗೆ ಮೆಲ್ಲಗೆ ಮಾತಾಡುತ್ತಾನೆ. ‘ಅತ್ತಿಗೆ, ಕಳಿಸಿಕೊಡಿ. ಅವಳ ಒಳ್ಳೇದಕ್ಕೇ ತಾನೇ ನಾನು ಹೇಳೋದು’ ಅಂದ. ನಮ್ಮ ಡುಮ್ಮ, ಕಳ್ಳ ಬಂದರೂ ಜಾಗ ಬಿಟ್ಟುಕೊಡುವ ನಾಯಿ, ನೆಂಟರು ಬಂದರು ಅಂದುಕೊಂಡು ಬಾಲ ಆಡಿಸುತ್ತ ಅವನ ಕಾಲು ಮೂಸಲು ಹೋಯಿತು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಗೋಡೆಗೆ ಒರಗಿತ್ತು. ಅದನ್ನೆತ್ತಿ ಡುಮ್ಮನ ಹಿಂಗಾಲಿಗೆ ಬೀಸಿದ. ಮೂಳೆ ಮುರಿದ ಸದ್ದು ಒಣ ಕಡ್ಡಿ ಮುರಿದ ಹಾಗೆ ಇತ್ತು. ಡುಮ್ಮ ಕೂಗಿದ್ದನ್ನು ಬರೆಯಲಾರೆ.

ನನ್ನ ಕೈಯಲ್ಲಿದ್ದ ಸುತ್ತಿಗೆಯನ್ನು ಅವನ ಮೇಲೆ ಎಸೆದೆ. ತಲೆಗೆ ಗುರಿಯಿಟ್ಟಿದ್ದು ಭುಜಕ್ಕೆ ಬಿತ್ತು. ಹೋದ. ಎಸೆದಾಗ ಒಂಥರಾ ಹಿತವಾಯಿತು. ಅದನ್ನೂ ಬರೆದಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ.

ಜೂನ್ 4, ಮಂಗಳವಾರ

ಪ್ರಾಣಿ ಡಾಕ್ಟರಮ್ಮ ಡುಮ್ಮನ ಕಾಲಿಗೆ ಕಬ್ಬಿಣದ ಪಟ್ಟಿ ಕೂರಿಸಿದ್ದಾರೆ. ಗಾಯ ನೆಕ್ಕದ ಹಾಗೆ ಕತ್ತಿಗೆ ಅಗಲ ಬಾಯಿಯ ಕೊಳವೆ ಕಟ್ಟಿದ್ದಾರೆ. ಅದರೊಳಗಿಂದ ಬಾವಿಯಿಂದ ಇಣುಕಿದ ಹಾಗೆ ನೋಡುತ್ತದೆ. ‘ವಿಮೆ ಇದೆಯಾ?’ ಅಂತ ಕೇಳಿದರು. ನನಗೇ ಇಲ್ಲ, ನಾಯಿಗೆಲ್ಲಿಂದ ಬರಬೇಕು ಅಂದೆ. ‘ಮಾಡಿಸಿಬಿಡಿ. ಇಂಥದ್ದು ಒಂದೇ ಸಲಕ್ಕೆ ಮುಗಿಯಲ್ಲ’ ಅಂದರು. ನಾಯಿಯನ್ನು ನೋಡುತ್ತ ಹೇಳಿದರೋ ತಂಗಿಯನ್ನು ನೋಡುತ್ತ ಹೇಳಿದರೋ, ಎರಡೂ ಒಂದೇ.

ಬರುವಾಗ ಠಾಣೆಗೆ ಹೋದೆವು. ಗಂಡ ಹೆಂಡತಿ ವಿಷಯ, ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ನಾಯಿ ಕಾಲು ಮುರಿದಿದ್ದಾನಲ್ಲ ಅಂದದ್ದಕ್ಕೆ ಒಬ್ಬ ನಕ್ಕ. ಅವನ ಮೇಜಿನ ಮೇಲಿದ್ದ ಗಾಜಿನ ಲೋಟ ತೆಗೆದು ನೆಲಕ್ಕೆ ಹಾಕಬೇಕು ಅನಿಸಿತು. ಹಾಕಲಿಲ್ಲ. ತಂಗಿ ನನ್ನ ಸೆರಗು ಹಿಡಿದುಕೊಂಡಿದ್ದಳು.

ಜೂನ್ 8, ಶನಿವಾರ

ಅಂಗಡಿಗೆ ಬೆಂಕಿ ವಿಮೆ ಮಾಡಿಸಿಕೊಟ್ಟಿದ್ದ ಏಜೆಂಟನ್ನೇ ನಾಯಿ ವಿಮೆಗೂ ಕರೆಸಿದೆ. ದಪ್ಪಗಿದ್ದಾನೆ, ತನ್ನ ಜೋಕಿಗೆ ತಾನೇ ನಕ್ಕು ಆಮೇಲೆ ಕೆಮ್ಮುತ್ತಾನೆ. ಮೂರು ಪಾಲಿಸಿಗಳನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದ.

‘ಮೊದಲನೇದು ಅಪಘಾತಕ್ಕೆ ಮಾತ್ರ. ಎರಡನೇದು ಅಪಘಾತ, ಕಾಯಿಲೆ, ಆಪರೇಷನ್ನು, ಕಳೆದುಹೋದ್ರೆ ಪೇಪರ್‌ನಲ್ಲಿ ಹಾಕಿಸೋ ಖರ್ಚು. ಮೂರನೇದರಲ್ಲಿ ಇದೆಲ್ಲದರ ಜೊತೆಗೆ ಇನ್ನೊಂದಿದೆ, ಹೇಳ್ತೀನಿ.’

‘ಮುರಿದ ಕಾಲಿಗೆ?’

‘ಬರಲ್ಲ ಮೇಡಂ. ಮೊದಲೇ ಇದ್ದ ಗಾಯಕ್ಕೆ ಯಾವ ಕಂಪನಿನೂ ಕೊಡಲ್ಲ. ಅಂಗಡಿ ಸುಟ್ಟ ಮೇಲೆ ಬೆಂಕಿ ವಿಮೆ ಕೇಳಿದ ಹಾಗಾಗುತ್ತೆ.’ ನಕ್ಕ, ಕೆಮ್ಮಿದ.

ನಾನು ಸುಮ್ಮನೆ ಬಿಡುವವಳಲ್ಲ. ರೆಕ್ಸಿನ್ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡುವ ಹಾಗೆ ಒಂದೊಂದನ್ನೂ ತಿರುಗಿಸಿ ಕೇಳಿದೆ. ಪಾಲಿಸಿ ಮಾಡಿಸಿದ ದಿನವೇ ಕಾಯಿಲೆ ಬಂದರೆ? ಬರಲ್ಲ, ಒಂದು ತಿಂಗಳು ಕಾಯಬೇಕು, ಅಪಘಾತಕ್ಕಾದರೆ ಹದಿನೈದು ದಿನ. ಬಿಲ್ಲು ಪೂರ್ತಿ ಕೊಡುತ್ತಾರಾ? ಐದರಲ್ಲಿ ಒಂದು ಪಾಲು ನಮ್ಮದೇ. ವಯಸ್ಸಾದ ಮೇಲೆ? ಏಳು ವರ್ಷ ದಾಟಿದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳಲ್ಲ, ಆದರೆ ಮೊದಲಿನಿಂದ ಬಿಡದೆ ಕಟ್ಟಿಕೊಂಡು ಬಂದರೆ ತೆಗೆಯಲ್ಲ. ಬೇರೆ ನಾಯಿ ತೋರಿಸಿ ದುಡ್ಡು ಹೊಡೆಯದ ಹಾಗೆ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಒಂದನ್ನು ಚರ್ಮದ ಕೆಳಗೆ ಇಡಿಸಬೇಕಂತೆ. ಕಡಿಮೆ ಕಂತಿನ ಪಾಲಿಸಿ ಮೇಲೆ ನುಣ್ಣಗಿರುತ್ತದೆ, ಒಳಗೆ ಬರೀ ‘ಬರಲ್ಲ’ ಅನ್ನುವುದೇ ತುಂಬಿರುತ್ತದೆ ಅಂತ ನನಗೆ ಗೊತ್ತಾಯಿತು.

ತಂಗಿ ‘ಎರಡನೇದು ಸಾಕಲ್ವಾ ಅಕ್ಕ’ ಅಂದಳು. ಡುಮ್ಮನ ತಲೆ ಅವಳ ಮಡಿಲಲ್ಲಿತ್ತು.

‘ಮೂರನೇದರಲ್ಲಿ ಏನೋ ಇದೆ ಅಂದ್ರಲ್ಲ’ ಅಂದೆ.

‘ನಿಮ್ಮ ನಾಯಿ ಯಾರಿಗಾದ್ರೂ ಕಚ್ಚಿದ್ರೆ ಅವರ ಆಸ್ಪತ್ರೆ ಖರ್ಚು, ಕೇಸು ಹಾಕಿದ್ರೆ ವಕೀಲರ ಖರ್ಚು, ಎಲ್ಲ ಕಂಪನಿದು. ಮನೆಯವರನ್ನು ಬಿಟ್ಟು ಬೇರೆಯವರಿಗೆ.’

‘ಎಷ್ಟು ಸಲ?’

‘ಎಷ್ಟು ಸಲ ಏನು?’

‘ಕಚ್ಚಬಹುದು?’

ಕೆಮ್ಮಿ ಕೆಮ್ಮಿ ಅವನ ಕಣ್ಣಲ್ಲಿ ನೀರು ಬಂತು. ‘ಬೇಕಂತ ಕಚ್ಚಿಸೋ ಹಾಗಿಲ್ಲ ಮೇಡಂ. ಕಾವಲಿಗೆ ಪಳಗಿಸಿದ ನಾಯಿಗಳಿಗೆ ಇದು ಸಿಗಲ್ಲ. ಮುದ್ದಿಗೆ ಸಾಕಿದ ನಾಯಿಗೆ ಮಾತ್ರ.’ ಕೊಳವೆಯೊಳಗಿನ ಡುಮ್ಮನ ಮುಖದ ಫೋಟೋ ತೆಗೆದ. ಅದಕ್ಕಿಂತ ಮುದ್ದಿನ ನಾಯಿ ಕಂಪನಿಗೆ ಸಿಗುವುದಿಲ್ಲ.

ಮನೆಯಲ್ಲಿ ಇರುವವರು ಎಷ್ಟು ಜನ ಅಂತ ಒಂದು ಪ್ರಶ್ನೆ ಇತ್ತು. ‘ಒಬ್ಬರು ಅಂತ ಬರೀತೀನಿ. ತಂಗಿ ನೆಂಟರಲ್ವಾ’ ಅಂದ. ‘ಇಬ್ಬರು ಅಂತ ಬರೀರಿ. ಇದು ಅವಳ ಮನೆ’ ಅಂದೆ. ತಂಗಿ ಆಚೆ ತಿರುಗಿ ಅತ್ತಳು.

ಮೂರನೆಯದನ್ನೇ ಮಾಡಿಸಿದೆ.

ಜೂನ್ 9, ಭಾನುವಾರ

ತಂಗಿ ಬಟ್ಟೆ ಒಗೆಯಲು ಕುಳಿತಿದ್ದಳು. ನೀಲಿ ಗೀಟಿನ ಅಂಗಿಯನ್ನು ಬಕೆಟ್ಟಿಗೆ ಹಾಕುವುದರಲ್ಲಿದ್ದಳು. ಕಸಿದುಕೊಂಡೆ. ‘ಒಗೀಬೇಡ, ಇರಲಿ’ ಅಂದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಇಟ್ಟಿದ್ದೇನೆ.

ಜೂನ್ 19, ಬುಧವಾರ

ಪುಣ್ಯಾತ್ಮ ನಮ್ಮ ಅಂಗಡಿಯ ಮುಂದಿನ ಗಾಜು ಒಡೆದು ಹೋಗಿದ್ದಾನೆ. ಹಾಡುಹಗಲಲ್ಲಿ, ಬೈಕಿನ ಮೇಲಿಂದ ಇಳಿಯದೆ. ಚೂರು ಸಿಡಿದು ತಂಗಿಯ ಕೆನ್ನೆಗೆ ತಾಗಿತು. ಗುಡಿಸುವಾಗ ಅವಳು ‘ನನ್ನಿಂದ ನಿನಗೆ ಇಷ್ಟೆಲ್ಲ’ ಅಂತ ಶುರು ಮಾಡಿದಳು. ಬಾಯಿ ಮುಚ್ಚು ಅಂದೆ. ಮುಚ್ಚಿದಳು.

ಠಾಣೆಯವರಿಗೆ ಫೋನ್ ಮಾಡಿದೆ. ನೋಡಿದವರಿದ್ದಾರಾ ಅಂದರು. ಎದುರಿನ ಕ್ಷೌರದಂಗಡಿಯವನು ನೋಡಿದ್ದ, ಕೇಳಿದಾಗ ಕತ್ತರಿ ಒರೆಸುತ್ತ ನಿಂತ. ಸರಿ. ಯಾರೂ ಬರುವುದಿಲ್ಲ ಅನ್ನುವುದು ಮನಸ್ಸಿಗೆ ಬಂದಮೇಲೆ ತಲೆ ತಣ್ಣಗಾಯಿತು. ನನ್ನ ಕೆಲಸ ನಾನು ಮಾಡಿಕೊಳ್ಳುತ್ತೇನೆ.

ಜುಲೈ 14, ಭಾನುವಾರ

ಡುಮ್ಮನ ಕಟ್ಟು ಬಿಚ್ಚಿದರು. ಸ್ವಲ್ಪ ಕುಂಟುತ್ತದೆ. ಕೊಳವೆ ತೆಗೆದ ಖುಷಿಗೆ ಅಂಗಡಿ ತುಂಬ ಓಡಿ ನಾರಿನ ಚೀಲ ಕೆಡವಿ ಅದರ ಮೇಲೇ ಉರುಳಾಡಿತು. ತಂಗಿ ನಕ್ಕಳು. ಬಂದ ಮೇಲೆ ಇದೇ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕದ್ದು. ಚಿಕ್ಕವಳಿದ್ದಾಗ ಹೀಗೇ ನಗುತ್ತಿದ್ದಳು, ಕೈಯಿಂದ ಮೂಗು ಮುಚ್ಚಿಕೊಂಡು. ಇದಕ್ಕಾಗಿ ಏನು ಬೇಕಾದರೂ ಮಾಡುತ್ತೇನೆ.

ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಕೇಳಿ ಬರುತ್ತೇನೆ ಅಂದಳು. ಅವನು ದಾರಿಯಲ್ಲಿ ಸಿಕ್ಕರೆ? ಇನ್ನೂ ಸ್ವಲ್ಪ ದಿನ ಬೇಡ ಅಂದೆ.

ಪಾಲಿಸಿ ಅಂಚೆಯಲ್ಲಿ ಬಂದಿದೆ. ಕಾಯುವ ಅವಧಿ ಎಲ್ಲ ಮುಗಿದಿದೆ.

ಜುಲೈ 21, ಭಾನುವಾರ

ಇವತ್ತು ಒಬ್ಬ ಗಂಡಸನ್ನು ಹೊಲಿದೆ. ಹಳೆ ಸೀಟಿನ ಫೋಮು, ಒಳಗೆ ಗಟ್ಟಿಗಿರಲಿ ಅಂತ ನಾರು, ಮೇಲೆ ಕಂದು ರೆಕ್ಸಿನ್. ತೊಡೆ ತೋಳುಗಳಿಗೆ ಬಸ್ ಸೀಟಿಗೆ ಹಾಕುವ ದಪ್ಪ ದಾರ, ಎರಡು ಎಳೆ. ಇಷ್ಟು ವರ್ಷ ಜನರ ಬೆನ್ನಿಗೆ ಆಸರೆ ಹೊಲಿದವಳು, ಬೆನ್ನನ್ನೇ ಹೊಲಿಯುವುದು ಕಷ್ಟವೇನಲ್ಲ. ಭುಜ ಅವನದಕ್ಕಿಂತ ಚೆನ್ನಾಗಿ ಬಂದಿದೆ. ಚೀಲದಿಂದ ಅಂಗಿ ತೆಗೆದು ತೊಡಿಸಿ ಹಿತ್ತಲಲ್ಲಿ ಕಂಬಕ್ಕೆ ಕಟ್ಟಿದೆ.

ತಂಗಿ ತರಕಾರಿ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಬಂದವಳು ಅದನ್ನು ನೋಡಿ ಪಾತ್ರೆ ಕೈಬಿಟ್ಟಳು. ‘ಇದೇನು ಅಕ್ಕ?’ ಅಂದಳು. ನಿನ್ನ ಗಂಡ, ಈ ಸಲ ಬಾಯಿಲ್ಲದವನು ಅಂದೆ. ಅವಳಿಗೆ ನಗು ಬರಲಿಲ್ಲ.

ಜುಲೈ 28, ಭಾನುವಾರ

ಈ ನಾಯಿಯನ್ನು ಏನು ಮಾಡಲಿ. ಗೊಂಬೆಯನ್ನು ಮೂಸಿ, ನೆಕ್ಕಿ, ಅದರ ತೊಡೆ ಮೇಲೆ ತಲೆಯಿಟ್ಟು ಮಲಗುತ್ತದೆ. ಕಾಲು ಮುರಿದವನ ವಾಸನೆ ಅಂತ ನೆನಪೇ ಇಲ್ಲ. ಅಂಗಿಯಲ್ಲಿ ತಂಗಿಯ ವಾಸನೆಯೂ ಸೇರಿಕೊಂಡಿರಬೇಕು. ಕಚ್ಚಲಿ ಅಂತ ಉಪವಾಸ ಕೆಡವಿ ನೋಡಿದೆ. ಗೊಂಬೆಯ ಜೇಬಲ್ಲಿ ಮಾಂಸ ಇಟ್ಟರೆ ಗೌರವದಿಂದ ಜೇಬಿನಿಂದ ಎತ್ತಿಕೊಂಡು ತಿನ್ನುತ್ತದೆ.

ಕೊನೆಗೆ ದಾರಿ ಹೊಳೆಯಿತು. ಗೊಂಬೆಯ ಹಿಂದೆ ಕುಳಿತು ಅಂಗಿಯ ತೋಳಿನೊಳಗೆ ಕೋಲು ತೂರಿಸಿದೆ. ಡುಮ್ಮ ಹತ್ತಿರ ಬಂದಾಗ ಹೊಡೆದೆ. ಗೊಂಬೆಯೇ ಹೊಡೆದ ಹಾಗೆ ಕಾಣಬೇಕು. ಮೊದಲು ಬೆನ್ನಿಗೆ. ಅದು ದೂರ ಹೋಗಿ ಮತ್ತೆ ಬಾಲ ಆಡಿಸುತ್ತ ಬಂತು. ಆಮೇಲೆ ಆ ಕಾಲಿಗೇ ಹೊಡೆದೆ, ಮುರಿದದ್ದಕ್ಕೆ. ಕೂಗಿತು. ಆದರೆ ಒಂದು ಸಲ ಗಟ್ಟಿಯಾಗಿ ಕಲಿತರೆ ಜೀವನಪೂರ್ತಿ ಉಳಿಯುತ್ತದೆ.

ತಂಗಿ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡಳು.

ಆಗಸ್ಟ್ 5, ಸೋಮವಾರ

ಕಚ್ಚಿತು. ಕೊನೆಗೂ. ನಾನು ತೋಳನ್ನು ಎತ್ತುವ ಮೊದಲೇ ಹಾರಿ ರೆಕ್ಸಿನ್ ಸೀಳಿ ಫೋಮು ಉಗಿಯಿತು. ಬಸ್ಸಿನ ದಾರ ಎರಡೆಳೆ ಅಂದರೆ ಸುಮ್ಮನೆ ಅಲ್ಲ, ಪಟ್ ಪಟ್ ಅಂತ ಕಿತ್ತಿತು. ಎಳೆದರೂ ಬಿಡಲಿಲ್ಲ. ಬಿಡಿಸಲು ಸುತ್ತಿಗೆಯ ಹಿಡಿಯಿಂದ ತಲೆಗೆ ಕೊಟ್ಟೆ. ಆಮೇಲೆ ಒಳ್ಳೆ ಮಾಂಸ ಹಾಕಿ ಕತ್ತು ತುರಿಸಿದೆ. ದರ್ಜಿ ಹುಡುಗಿಗೆ ಮೊದಲ ರವಿಕೆ ಹೊಲಿದಾಗ ಆಗುವಂಥ ಸಂತೋಷ.

‘ಅಕ್ಕ, ನಿನ್ನ ಕಂಡ್ರೆ ಅದು ಬಾಲ ಮುದುರಿಕೊಳ್ತಿದೆ’ ಅಂದಳು ತಂಗಿ. ಹೆದರಿಕೆ ಇರಲಿ, ಹೆದರಿಕೆ ಇದ್ದರೆ ಮಾತು ಕೇಳುತ್ತದೆ.

ಮಧ್ಯಾಹ್ನ ನನ್ನ ಕಣ್ಣು ತಪ್ಪಿಸಿ ಆ ಮೊಬೈಲ್ ಅಂಗಡಿಗೆ ಹೊರಟಿದ್ದಳು. ಗೇಟಿನ ಹತ್ತಿರ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದೆ. ಗೇಟಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿದ್ದೇನೆ. ಫೋನನ್ನೂ ತೆಗೆದಿಟ್ಟಿದ್ದೇನೆ, ಪುಣ್ಯಾತ್ಮ ಅದಕ್ಕೆ ಕರೆ ಮಾಡುತ್ತಲೇ ಇರುತ್ತಾನೆ. ಯಾಕಕ್ಕ ಅಂತ ಅತ್ತಳು. ನಿನ್ನ ಒಳ್ಳೇದಕ್ಕೇ ತಾನೇ ಅಂದೆ. ಸಂಜೆ ನೋಡಿದರೆ ಮಣಿಕಟ್ಟು ಕಂದಿದೆ. ಅವಳ ಚರ್ಮವೇ ಅಂಥದ್ದು, ಮುಟ್ಟಿದರೆ ಸಾಕು.

ಆಗಸ್ಟ್ 11, ಭಾನುವಾರ

ತಂಗಿ ಈಗ ಮನೆಗೆ ಹೊಂದಿಕೊಂಡಿದ್ದಾಳೆ. ಮೊದಲಿನ ಹಾಗೆ ವಾದ ಮಾಡುವುದಿಲ್ಲ. ಫ್ಯಾನ್ ಹಾಕಲಾ ಅಂತ ಕೇಳಿ ಹಾಕುತ್ತಾಳೆ, ಬಡಿಸಲಾ ಅಂತ ಕೇಳಿ ಬಡಿಸುತ್ತಾಳೆ. ನಾನು ಅಂಗಡಿಯಿಂದ ಒಳಗೆ ಬಂದರೆ ಎದ್ದು ಗೋಡೆ ಬದಿಗೆ ಸರಿದು ದಾರಿ ಬಿಡುತ್ತಾಳೆ. ಮನೆ ಶಾಂತವಾಗಿದೆ.

ಡುಮ್ಮ ನನ್ನ ಹೊಲಿಗೆ ಮಿಷನ್ನಿನ ಕೆಳಗೆ ಮಲಗಲು ಶುರು ಮಾಡಿದೆ.

ಆಗಸ್ಟ್ 17, ಶನಿವಾರ

ತಂಗಿಯ ಫೋನಿಗೆ ಪುಣ್ಯಾತ್ಮ ಕರೆ ಮಾಡಿದ. ನಾನೇ ಎತ್ತಿದೆ. ‘ಅತ್ತಿಗೆ, ನಾಳೆ ಬೆಳಿಗ್ಗೆ ಬರ್ತೀನಿ. ಕೂತು ಮಾತಾಡಿ ಮುಗಿಸೋಣ’ ಅಂದ. ಬಾರಪ್ಪ, ಮುಗಿಸೋಣ ಅಂದೆ. ನನ್ನ ದನಿ ಎಷ್ಟು ಮೆತ್ತಗೆ ಬಂತು ಅಂದರೆ ನನಗೇ ಆಶ್ಚರ್ಯ.

ನಿನ್ನೆಯಿಂದ ಡುಮ್ಮನಿಗೆ ಏನೂ ಹಾಕಿಲ್ಲ. ನಾಳೆ ಗೇಟಿನ ಬೀಗ, ಅಗುಳಿ ತೆಗೆದಿಟ್ಟು ಒಳಗಿರುತ್ತೇನೆ. ಅವನು ತಾನಾಗಿ ಒಳಗೆ ಬರುತ್ತಾನೆ. ಅವನು ಈ ಮನೆಯವನಲ್ಲ. ಪಾಲಿಸಿಯಲ್ಲಿ ಎಲ್ಲ ಸರಿಯಾಗಿದೆ, ಮೂರು ಸಲ ಓದಿದೆ. ಕಂಪನಿಯೇ ಅವನ ಹೊಲಿಗೆಗೆ ದುಡ್ಡು ಕೊಡಲಿ. ಹೊಲಿಯಲು ಏನಾದರೂ ಉಳಿದರೆ.

ತಂಗಿಗೆ ಹೇಗೋ ಗೊತ್ತಾಯಿತು. ‘ಬೇಡ ಅಕ್ಕ. ಅವನಿಗೆ ಏನಾದ್ರೂ ಆಗ್ಲಿ, ನೀನು ಹೀಗಾಗಬೇಡ. ಡುಮ್ಮನ್ನ ಹೀಗೆ ಮಾಡಬೇಡ’ ಅಂತ ಕಾಲು ಹಿಡಿದಳು. ಇವಳಿಗೋಸ್ಕರ ನಾನು ಸಾಯುತ್ತಿದ್ದರೆ ಇವಳಿಗೆ ಅವನ ಚಿಂತೆ. ಕೈಯಲ್ಲಿದ್ದ ದೊಡ್ಡ ಕತ್ತರಿ ಎಸೆದೆ. ಅವಳ ಕಡೆಗಲ್ಲ, ಗೋಡೆಗೆ. ಗಾರೆ ಕಿತ್ತು ಬಂತು. ಅವಳು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತದ್ದು ನೋಡಿ ಇನ್ನೂ ಸಿಟ್ಟು ಬಂತು. ನಾನೇನು ಅವನಾ?

ಆಗಸ್ಟ್ 19, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗೆ ಬರುತ್ತಿದೆ.

ಅವನು ಬಂದ. ಬಿಳಿ ಅಂಗಿ, ಮೈಗೆಲ್ಲ ಸೆಂಟು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಡುಮ್ಮನನ್ನು ಬಿಟ್ಟಿದ್ದೆ. ಅದು ನೇರ ಗೇಟಿಗೆ ಹೋಯಿತು, ಕಂಬಿಯೊಳಗಿಂದ ಅವನ ಬೂಟು ಮೂಸಿತು. ಬಾಲ ಆಡಿಸಿತು. ನಾಚಿಕೆಗೆಟ್ಟ ನಾಯಿ ಅವನಿಗೆ ಬಾಲ ಆಡಿಸಿತು.

ಅದೇ ಹೊತ್ತಿಗೆ ಹಿತ್ತಲ ಕಡೆಯ ಸಂದಿಯಿಂದ ತಂಗಿ ಬಂದಳು. ಎದೆಗೆ ಏನೋ ಅವಚಿಕೊಂಡಿದ್ದಳು. ನೀಲಿ ಗೀಟಿನ ಅಂಗಿ. ಗೊಂಬೆಯ ಮೈಯಿಂದ ಬಿಚ್ಚಿ ತಂದಿದ್ದಾಳೆ, ಬೀದಿ ಚರಂಡಿಗೆ ಎಸೆದುಬಿಡಲು. ಅಂಗಿ ಇಲ್ಲದಿದ್ದರೆ ನಾಯಿ ಕಚ್ಚುವುದಿಲ್ಲ ಅಂತ ಅವಳ ಲೆಕ್ಕ. ಅದರ ಒಂದು ತೋಳು ಅವಳು ನಡೆದ ಹಾಗೆ ಬೀಸುತ್ತಿತ್ತು.

ಡುಮ್ಮ ತಿರುಗಿತು.

ನಾನು ಕಲಿಸಿದ ಹಾಗೇ ಹಾರಿತು. ಮೊದಲು ಮುಂಗೈ, ಆಮೇಲೆ ಭುಜ. ಅವಳು ಅಂಗಿಯನ್ನು ಬಿಡಲೇ ಇಲ್ಲ, ಬಿಡಬೇಕು ಅಂತ ಅವಳಿಗೆ ಹೊಳೆಯಲಿಲ್ಲ. ಬಿದ್ದಳು. ಡುಮ್ಮ ತಲೆ ಅತ್ತಿತ್ತ ಬೀಸುತ್ತ ಎಳೆಯುತ್ತಿತ್ತು, ಫೋಮು ಎಳೆದ ಹಾಗೆ. ನೆಲವೆಲ್ಲ ರಕ್ತ. ನಾನು ಸುತ್ತಿಗೆ ಹಿಡಿದು ಓಡಿದೆ. ತಲೆಗೆ, ಬೆನ್ನಿಗೆ, ಆ ಕಾಲಿಗೆ, ಎಲ್ಲಿ ಸಿಕ್ಕರೆ ಅಲ್ಲಿ ಹೊಡೆದೆ. ಬಿಟ್ಟ ಮೇಲೂ ಹೊಡೆದೆ. ತಂಗಿ ‘ಸಾಕು ಅಕ್ಕ, ಸಾಕು’ ಅಂದಾಗ ನಿಲ್ಲಿಸಿದೆ.

ಪುಣ್ಯಾತ್ಮ ಗೇಟಿನಾಚೆಯೇ ನಿಂತು ಎಲ್ಲವನ್ನೂ ನೋಡಿದ. ಒಳಗೆ ಬರಲಿಲ್ಲ. ‘ಅತ್ತಿಗೆ, ನಾನೂ ಇಷ್ಟು ಮಾಡಿರಲಿಲ್ಲ’ ಅಂದ. ಬೈಕು ಹತ್ತಿ ಹೋದ.

ಸೆರಗು ಹರಿದು ತಂಗಿಯ ಭುಜಕ್ಕೆ ಬಿಗಿಯಾಗಿ ಕಟ್ಟಿ ಆಟೋ ಕರೆದೆ.

ಆಗಸ್ಟ್ 22, ಗುರುವಾರ

ಆಸ್ಪತ್ರೆಯಲ್ಲಿ ಮುಂಗೈಗೆ, ಭುಜಕ್ಕೆ ಹೊಲಿಗೆ ಹಾಕಿದ್ದಾರೆ. ಅಡ್ಡಾದಿಡ್ಡಿ, ನಾನಾಗಿದ್ದರೆ ಇನ್ನೂ ನೀಟಾಗಿ ಹಾಕುತ್ತಿದ್ದೆ. ಎರಡು ಬೆರಳು ಸದ್ಯಕ್ಕೆ ಮಡಚುವುದಿಲ್ಲ. ನರ್ಸಮ್ಮ ಒಬ್ಬಳು ಅವಳ ಇನ್ನೊಂದು ಕೈಯ ಮಣಿಕಟ್ಟು ತಿರುಗಿಸಿ ನೋಡಿ ‘ಇದು ನಾಯಿ ಮಾಡಿದ್ದಲ್ಲ’ ಅಂದಳು. ಗಂಡ ಹೊಡೆಯುತ್ತಿದ್ದ ಅಂದೆ. ‘ಗಂಡನ್ನ ಬಿಟ್ಟು ಬಂದು ಎಷ್ಟು ದಿನ ಆಯ್ತಮ್ಮ?’ ಅಂತ ತಂಗಿಯನ್ನು ಕೇಳಿದಳು. ಎರಡೂವರೆ ತಿಂಗಳು ಅಂದಳು ತಂಗಿ. ನರ್ಸಮ್ಮ ನನ್ನನ್ನು ಹೊರಗೆ ಕೂರಲು ಹೇಳಿದಳು. ಒಳಗೆ ತುಂಬ ಹೊತ್ತು ಮಾತಾಡಿದರು.

ಸಂಜೆ ವಿಮೆಯವನು ಬಂದ. ಇವತ್ತು ನಗಲಿಲ್ಲ. ‘ಮೇಡಂ, ಕಷ್ಟ ಇದೆ. ಮನೆಯವರಿಗೆ ಕಚ್ಚಿದ್ರೆ ಕಂಪನಿ ಕೊಡಲ್ಲ. ಬೇರೆಯವರಿಗೆ ಮಾತ್ರ. ಇವರು ನಿಮ್ಮ ಮನೆಯವರೇ ಅಲ್ವಾ?’

ನಾನು ಬಾಯಿ ತೆರೆಯುವ ಮೊದಲೇ ತಂಗಿ ಮಂಚದಿಂದ ಹೇಳಿದಳು, ‘ಅಲ್ಲ. ನಾನು ಆ ಮನೆಯವಳಲ್ಲ.’

‘ಮತ್ತೆ ಎಲ್ಲಿರೋದು?’

ಆಸ್ಪತ್ರೆಯ ಹಿಂದಿನ ಬೀದಿಯ ಹೆಂಗಸರ ಹಾಸ್ಟೆಲ್ಲಿನ ಹೆಸರು ಹೇಳಿದಳು. ಮೂರನೇ ಮಹಡಿ ಅಂದಳು, ಕಿಟಕಿ ಪಕ್ಕದ ಮಂಚ ಅಂದಳು. ವಿಮೆಯವನು ಬರೆದುಕೊಂಡ. ಎಷ್ಟು ಚೆನ್ನಾಗಿ ಸುಳ್ಳು ಹೇಳಿದಳು. ಕಣ್ಣು ಕೂಡ ಮಿಟುಕಿಸಲಿಲ್ಲ. ಅಷ್ಟು ನೋವಲ್ಲೂ ನನ್ನನ್ನು ಕಾಪಾಡುವ ಯೋಚನೆ ಅವಳಿಗೆ. ರಕ್ತ ಸಂಬಂಧ ಅಂದರೆ ಇದೇ. ಅವನು ಹೋದ ಮೇಲೆ ತಲೆ ಸವರಲು ಕೈ ಚಾಚಿದೆ. ದಿಂಬಿಗೆ ಒತ್ತಿಕೊಂಡಳು. ಮೈಯೆಲ್ಲ ನೋವು, ಪಾಪ.

ಸೆಪ್ಟೆಂಬರ್ 3, ಮಂಗಳವಾರ

ತಂಗಿಯನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಆ ನರ್ಸಮ್ಮ ಬಂದು ಅವಳ ಬಟ್ಟೆ, ಫೋನು ತೆಗೆದುಕೊಂಡು ಹೋದಳು. ಹಾಸ್ಟೆಲ್ಲಿನಲ್ಲೇ ಇರುತ್ತಾಳಂತೆ. ಕಂಪನಿಯವರು ವಿಚಾರಿಸಲು ಬಂದರೆ ಅಲ್ಲಿರಬೇಕಲ್ಲ, ಸರಿಯಾಗಿಯೇ ಯೋಚಿಸಿದ್ದಾಳೆ. ಎಲ್ಲ ಮುಗಿದ ಮೇಲೆ ಬರುತ್ತಾಳೆ. ಗೇಟಿನ ಬೀಗ ತೆಗೆದಿಟ್ಟಿದ್ದೇನೆ.

ಯಾರಾದರೂ ನೋಡಿದರೆ ಕಾವಲಿಗೆ ಪಳಗಿಸಿದ್ದು ಅಂದಾರು ಅಂತ ಗೊಂಬೆಯನ್ನು ಬಿಚ್ಚಿದೆ. ಫೋಮು ಇನ್ನೂ ಗಟ್ಟಿಯಿತ್ತು. ಟ್ಯಾಕ್ಸಿಯವನ ಹಿಂದಿನ ಸೀಟಿಗೆ ತುಂಬಿ ಕೊಟ್ಟೆ. ಕುಳಿತು ನೋಡಿ ತುಂಬ ಹಿತವಾಗಿದೆ ಅಂದ.

ಹುಚ್ಚು ಇದೆಯಾ ಅಂತ ನೋಡಲು ಪ್ರಾಣಿ ಡಾಕ್ಟರಮ್ಮನ ಹತ್ತಿರ ಎರಡು ವಾರ ಕಟ್ಟಿಹಾಕಿದ್ದ ಡುಮ್ಮನನ್ನು ಕರೆದುಕೊಂಡು ಬಂದೆ. ಹುಚ್ಚೇನೂ ಇಲ್ಲವಂತೆ. ಒಂದು ಕಣ್ಣು ಹೋಗಿದೆ. ‘ಇದಕ್ಕೆ ಯಾರು ಹೊಡೆದಿದ್ದು?’ ಅಂತ ಕೇಳಿದರು. ತಂಗಿಯನ್ನು ಬಿಡಿಸಬೇಕಿತ್ತಲ್ಲ ಅಂದೆ.

ಸೆಪ್ಟೆಂಬರ್ 10, ಮಂಗಳವಾರ

ವಿಮೆಯವನು ಬಂದಿದ್ದ. ತಂಗಿಯ ಆಸ್ಪತ್ರೆ ಖರ್ಚು ಬರುತ್ತದಂತೆ. ‘ನಮ್ಮವರು ಹಾಸ್ಟೆಲ್‌ಗೆ ಹೋಗಿದ್ರು. ಅವರು ಅಲ್ಲೇ ಇದ್ರು. ಮೊಬೈಲ್ ಅಂಗಡೀಲಿ ಕೆಲಸಕ್ಕೂ ಸೇರಿದ್ದಾರಂತೆ, ಎಡಗೈಲೇ ಬಿಲ್ ಬರೀತಾರಂತೆ. ಚೆನ್ನಾಗಿದ್ದಾರಂತೆ’ ಅಂದ. ಇಷ್ಟು ದೂರ ಯಾಕೆ ಹೋಗಬೇಕಿತ್ತು, ಸುಳ್ಳಿಗೆ ಯಾರಾದರೂ ಕೆಲಸಕ್ಕೆ ಸೇರುತ್ತಾರಾ?

‘ಒಂದೇ ಒಂದು ತೊಡಕು. ಜೂನ್‌ನಲ್ಲಿ ಮನೇಲಿ ಇಬ್ಬರು ಅಂತ ಬರೆಸಿದ್ರಲ್ಲ, ಅದನ್ನ ತಿದ್ದಬೇಕು. ಅವರು ನಾಲ್ಕು ದಿನ ಬಂದು ಹೋದ ನೆಂಟರು ಅಂತ ಒಂದು ಸಾಲು, ಕೆಳಗೆ ನಿಮ್ಮ ಸಹಿ.’

‘ಇಬ್ಬರು ಅಂತಲೇ ಇರಲಿ’ ಅಂದೆ.

‘ಹಾಗಿದ್ರೆ ಅವರಿಗೆ ಒಂದು ಕಾಸೂ ಸಿಗಲ್ಲ ಮೇಡಂ. ಆ ಬೆರಳುಗಳಿಗೆ ಇನ್ನೊಂದು ಆಪರೇಷನ್ ಇದೆಯಂತೆ.’

ಪೆನ್ನು ಕೊಟ್ಟ. ಇಬ್ಬರು ಅನ್ನುವುದನ್ನು ಹೊಡೆದು ಒಬ್ಬರು ಅಂತ ಬರೆದೆ. ಸಹಿ ಹಾಕಿದೆ. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಇವತ್ತೂ ನಗದೆ ಹೋದ.

ಆಮೇಲೆ ಕೆಲಸಕ್ಕೆ ಕುಳಿತೆ. ಒಂದು ಕುರ್ಚಿಯ ಒರಗು ಬಾಕಿಯಿತ್ತು. ಒಬ್ಬಳೇ ಅನಿಸಿ ಡುಮ್ಮನನ್ನು ಕರೆದೆ. ಮಿಷನ್ನಿನ ಕೆಳಗೆ ಆ ಒಂದು ಕಣ್ಣು ಕಾಣುತ್ತಿತ್ತು. ಬಾರೋ, ಏನೂ ಮಾಡಲ್ಲ ಬಾರೋ ಅಂತ ಎಷ್ಟು ಕರೆದರೂ ಬರಲಿಲ್ಲ. ನೆಲ ಒದ್ದೆ ಮಾಡಿಕೊಂಡು ಇನ್ನೂ ಒಳಕ್ಕೆ ಸರಿಯಿತು. ನನ್ನ ಕೈಯಲ್ಲಿ ಸುತ್ತಿಗೆ ಇತ್ತು ನಿಜ, ಅದು ಮೊಳೆ ಹೊಡೆಯಲು ಹಿಡಿದದ್ದು.